ಕಲಬುರಗಿಯಲ್ಲಿ ಮೊದಲ ಕೆಲಸ: ಹದಿನಾಲ್ಕು ದಾಟಿದ ಹುಡುಗ ಹುಡುಗಿಯರಿಗೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುತ್ತಿದ್ದ ಹಾಗೆ ನಮ್ಮ ಅಂಗಡಿಗೆ ಹುಡುಗರು ಬರೋಕೆ ಶುರು ಮಾಡುತ್ತಾರೆ. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಹತ್ತಿರ ನಮ್ಮದು ನೋಟ್‌ಬುಕ್, ಪೆನ್ನು, ಜೆರಾಕ್ಸ್ ಅಂಗಡಿ. ಬರುವವರು ಪೆನ್ನು ಕೊಳ್ಳೋಕೆ ಬರೋದಿಲ್ಲ, ಕೆಲಸ ಕೇಳೋಕೆ ಬರುತ್ತಾರೆ. ಕೆಲವರಿಗೆ ಮನೆಯಲ್ಲಿ ನಿಜವಾಗಿ ರೊಕ್ಕ ಬೇಕಾಗಿರುತ್ತದೆ, ಪಿಯುಸಿ ಅಡ್ಮಿಷನ್ನು, ತಂಗಿಯ ಫೀಸು. ಇನ್ನು ಕೆಲವರಿಗೆ ಒಂದು ಫೋನ್ ಬೇಕು. ಎರಡೂ ತಪ್ಪಲ್ಲ. ಆದರೆ ಬಹಳಷ್ಟು ಹುಡುಗರಿಗೆ ಹೇಗೆ ಕೇಳಬೇಕು, ಎಲ್ಲಿ ಕೇಳಬೇಕು, ಯಾವ ಕೆಲಸಕ್ಕೆ ಕಾಲಿಡಲೇಬಾರದು ಅಂತ ಯಾರೂ ಹೇಳಿರುವುದಿಲ್ಲ. ಅದನ್ನು ಹೇಳೋಣ ಅಂತ ಕೂತಿದ್ದೇನೆ. ಕಲಬುರಗಿ ಊರನ್ನೇ ಮನಸ್ಸಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ, ಬೀದರ್, ಯಾದಗಿರಿ ಕಡೆಯವರಿಗೂ ಇದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಲಸ ಸಿಗೋದು ಅಷ್ಟೇನೂ ಕಷ್ಟ ಇಲ್ಲ. ಸಿಕ್ಕ ಕೆಲಸಕ್ಕೆ ಹೋಗುವ ಮೊದಲು ನಾಲ್ಕು ವಿಷಯ ಬಾಯಿಬಿಟ್ಟು ಮಾತಾಡಿಕೊಳ್ಳೋದೇ ಕಷ್ಟ, ಮತ್ತು ಅಲ್ಲೇ ಬಹಳ ಹುಡುಗರು ಸೋಲುತ್ತಾರೆ. "ಆಯ್ತು ನಾಳೆಯಿಂದ ಬಾ" ಅಂದ ಕೂಡಲೇ ಖುಷಿಯಲ್ಲಿ ಓಡಿ ಹೋಗುತ್ತಾರೆ. ತಿಂಗಳ ಕೊನೆಗೆ ಜಗಳ.

ಮೊದಲು ನಿನ್ನ ವಯಸ್ಸು ಎಷ್ಟು, ಅದು ಹೇಳು.

14 ತುಂಬಿಲ್ಲ ಅಂದರೆ ಹೊರಗೆ ಯಾರ ಹತ್ತಿರವೂ ಕೆಲಸಕ್ಕೆ ಹೋಗುವ ಹಾಗಿಲ್ಲ. ಅಂಗಡಿ, ಹೋಟೆಲ್, ಗ್ಯಾರೇಜ್, ಮನೆಗೆಲಸ, ಯಾವುದೂ ಇಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದ ಮೇಲೆ ಇದು ಬಿಗಿಯಾಗಿದೆ. ಸಿಕ್ಕಿಬಿದ್ದರೆ ಇಟ್ಟುಕೊಂಡ ಮಾಲೀಕನಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಎರಡೂ ಬೇಕಾದರೂ ಆಗಬಹುದು. ಮನೆಯದೇ ಅಂಗಡಿ, ಮನೆಯದೇ ಹೊಲ ಇದ್ದರೆ ಶಾಲೆ ಬಿಟ್ಟ ಮೇಲೆ ಅಥವಾ ಸೂಟಿಯಲ್ಲಿ ಅಪ್ಪ ಅವ್ವನಿಗೆ ಕೈಜೋಡಿಸಬಹುದು. ಅಪಾಯದ ಕೆಲಸ ಆಗಿರಬಾರದು, ಶಾಲೆ ತಪ್ಪಬಾರದು, ಅಷ್ಟೇ. ಹಾಗಾಗಿ 13ರ ವಯಸ್ಸಿನ ತಮ್ಮ ಇದನ್ನು ಓದುತ್ತಿದ್ದರೆ, ಈ ವರ್ಷ ಅಪ್ಪನ ಅಂಗಡಿಯಲ್ಲಿ ಕೂತು ಲೆಕ್ಕ ಕಲಿ. ಮುಂದಿನ ವರ್ಷ ಹೊರಗೆ ಕೇಳುವಾಗ ಅದೇ ನಿನ್ನ ಅನುಭವ.

14 ತುಂಬಿದೆ, 18 ಆಗಿಲ್ಲ ಅಂದರೆ ಕೆಲಸ ಮಾಡಬಹುದು, ಆದರೆ ಅದಕ್ಕೆ ಗಡಿ ಇದೆ. ಈ ಗಡಿ ನಿನಗೂ ಗೊತ್ತಿರಬೇಕು, ಮಾಲೀಕರಿಗೂ ಗೊತ್ತಿರಬೇಕು. ನಿಜ ಹೇಳಬೇಕಂದರೆ ನಮ್ಮ ಬಜಾರಿನಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಒಂದೇ ಸಮನೆ 3 ತಾಸಿಗಿಂತ ಜಾಸ್ತಿ ಕೆಲಸ ಮಾಡಿಸಬಾರದು, 3 ತಾಸು ಆದ ಮೇಲೆ ಕನಿಷ್ಠ 1 ತಾಸು ಬಿಡುವು ಕೊಡಬೇಕು. ಬಿಡುವು, ಸುಮ್ನೆ ಕಾಯುತ್ತಾ ಕೂತ ಹೊತ್ತು ಎಲ್ಲ ಸೇರಿ ದಿನಕ್ಕೆ 6 ತಾಸು ಮೀರಬಾರದು. ಅಂದರೆ ಬೆಳಿಗ್ಗೆ 10ಕ್ಕೆ ಹೋದರೆ ಮಧ್ಯಾಹ್ನ 1ಕ್ಕೆ ಊಟಕ್ಕೆ ಬಿಟ್ಟು, 2ರಿಂದ 4ರವರೆಗೆ ಮಾಡಿ ಮನೆಗೆ. ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಇಲ್ಲ. ಓವರ್‌ಟೈಮ್ ಇಲ್ಲ. ಒಂದೇ ದಿನ ಎರಡು ಕಡೆ ದುಡಿಯೋದಿಲ್ಲ. ವಾರಕ್ಕೆ ಒಂದು ಪೂರ್ತಿ ದಿನ ರಜೆ.

ಈ 7 ಗಂಟೆ ಅನ್ನೋದು ನಮ್ಮ ಊರಲ್ಲಿ ದೊಡ್ಡ ಸಮಸ್ಯೆ. ಬೇಸಿಗೆಯಲ್ಲಿ ಕಲಬುರಗಿ ಬಜಾರು ಎದ್ದು ಕೂರೋದೇ ಬಿಸಿಲು ಇಳಿದ ಮೇಲೆ. ರಂಜಾನ್ ತಿಂಗಳಲ್ಲಂತೂ ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿಗಳಲ್ಲಿ ನಡುರಾತ್ರಿವರೆಗೂ ಗಿರಾಕಿ. ಮಾಲೀಕರಿಗೆ ಹುಡುಗರು ಬೇಕಾಗೋದೂ ಅದೇ ಹೊತ್ತಿಗೆ. "ಸಂಜೆ 5ಕ್ಕೆ ಬಾ, ರಾತ್ರಿ 10ಕ್ಕೆ ಹೋಗು" ಅಂದರೆ ಒಪ್ಪಬೇಡ. ಕಾಯ್ದೆ ಒಂದು ಕಡೆ ಇರಲಿ, ರಾತ್ರಿ 10ಕ್ಕೆ ನೀನು ಮನೆಗೆ ಹೇಗೆ ಹೋಗುತ್ತೀ? ರಿಂಗ್ ರೋಡ್ ಆಚೆಯ ಬಡಾವಣೆಗಳಿಗೆ ಆ ಹೊತ್ತಿಗೆ ಬಸ್ಸು ಸಿಗೋದು ಕಷ್ಟ, ಆಟೋಗೆ ಕೊಟ್ಟರೆ ದಿನದ ದುಡಿಮೆಯಲ್ಲಿ ಎಷ್ಟು ಉಳಿಯುತ್ತದೆ? ಬೆಳಗಿನ ಜಾವ 5ಕ್ಕೆ ಪೇಪರ್ ಹಾಕೋದು ಹಿಂದಿನಿಂದ ಹುಡುಗರ ಕೆಲಸ ಅಂತಲೇ ನಡೆದು ಬಂದಿದೆ, ಎಷ್ಟೋ ಜನ ಅದರಲ್ಲೇ ಓದಿ ಮುಂದೆ ಬಂದಿದ್ದಾರೆ. ಆದರೆ ಏಜೆಂಟರ ಕೈಕೆಳಗೆ ಮಾಡೋದಾದರೆ ಅದಕ್ಕೂ ಬೆಳಿಗ್ಗೆ 8ರವರೆಗೆ ಕೆಲಸ ಇಲ್ಲ ಅನ್ನುವ ಗಡಿಯೇ ಅಡ್ಡ ಬರುತ್ತದೆ, ಹಾಗಾಗಿ ಅದನ್ನು ಮಾಡು ಅಂತ ನಾನು ಹೇಳೋದಿಲ್ಲ.

ಇನ್ನು ಕಾಲಿಡಬಾರದ ಜಾಗ. ನಮ್ಮ ಜಿಲ್ಲೆಯಲ್ಲಿ ಇದು ಸುಮ್ನೆ ಹೇಳುವ ಮಾತಲ್ಲ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಕ್ವಾರಿಗಳಿವೆ, ಕಲ್ಲು ಕಟಿಂಗ್, ಪಾಲಿಶ್ ಘಟಕಗಳಿವೆ. "ಬರೀ ಕಲ್ಲು ಎತ್ತಿ ಇಡೋದು" ಅಂತ ಕರೆಯುತ್ತಾರೆ, ಪಗಾರವೂ ಅಂಗಡಿಗಿಂತ ಜಾಸ್ತಿ ಇರುತ್ತದೆ. ಹೋಗಬೇಡ. ಆ ಧೂಳು ಪುಪ್ಪುಸದೊಳಗೆ ಕೂತರೆ ಹೊರಗೆ ಬರೋದಿಲ್ಲ, ವಯಸ್ಸಾದ ಕಲ್ಲು ಕೆಲಸಗಾರರ ಕೆಮ್ಮು ಕೇಳಿದವರಿಗೆ ನಾನು ಹೇಳಬೇಕಾಗಿಲ್ಲ. 18ರೊಳಗಿನವರಿಗೆ ಗಣಿ, ಕ್ವಾರಿ, ಕಲ್ಲು ಕೊಯ್ಯುವ ಮತ್ತು ಪಾಲಿಶ್ ಮಾಡುವ ಕೆಲಸ, ಇಟ್ಟಿಗೆ ಭಟ್ಟಿ, ಪಟಾಕಿ ಮತ್ತು ಸ್ಫೋಟಕ, ಅಪಾಯಕಾರಿ ಅಂತ ಗುರುತಿಸಿರುವ ಕಾರ್ಖಾನೆ ಕೆಲಸ, ಇವೆಲ್ಲ ಕಾಯ್ದೆಯಲ್ಲೇ ನಿಷಿದ್ಧ. ದೀಪಾವಳಿಗೆ ಪಟಾಕಿ ಸ್ಟಾಲಿನಲ್ಲಿ ಎರಡು ಮೂರು ದಿನ ನಿಲ್ಲೋದು ಹಬ್ಬದ ಖರ್ಚಿಗೆ ಸುಲಭದ ದಾರಿ ಅನ್ನಿಸುತ್ತದೆ. ಅದೂ ಬೇಡ, ಪಟಾಕಿ ಮಾರೋದೂ ಅದರೊಳಗೇ ಬರುತ್ತದೆ. ಇದರ ಮೇಲೆ ನನ್ನ ಸ್ವಂತ ಪಟ್ಟಿ ಒಂದಿದೆ: ವೆಲ್ಡಿಂಗ್ ಅಂಗಡಿ, ಪೆಟ್ರೋಲ್ ಬಂಕ್, ಓಡುವ ಬೆಲ್ಟ್ ಇರುವ ದಾಲ್ ಮಿಲ್, ಹೊಲದಲ್ಲಿ ಕೀಟನಾಶಕದ ಎಣ್ಣೆ ಹೊಡೆಯೋದು, ಕಾಳು ಬಿಡಿಸುವ ರಾಶಿ ಮಷಿನ್ನಿಗೆ ಕೈ ಕೊಡೋದು, ರಾತ್ರಿ ನಡೆಯುವ ಧಾಬಾ. ತೊಗರಿ ನಮ್ಮ ಜಿಲ್ಲೆಯ ಹೆಸರು ಹೊತ್ತ ಬೆಳೆ, 2019ರಲ್ಲಿ ಜಿಐ ಟ್ಯಾಗೂ ಸಿಕ್ಕಿದೆ, ಗಂಜ್ ಮಾರುಕಟ್ಟೆಯಲ್ಲಿ, ಕಪನೂರಿನ ಮಿಲ್ಲುಗಳಲ್ಲಿ ಯಾವಾಗಲೂ ಆಳು ಬೇಕು. ಆದರೆ ಕ್ವಿಂಟಾಲ್ ಚೀಲ ಹೊರುವ ಬೆನ್ನು 15ರ ವಯಸ್ಸಿಗೆ ಇರೋದಿಲ್ಲ.

ಹಾಗಾದರೆ ಎಲ್ಲಿ ಕೇಳಬೇಕು?

ನಮ್ಮಂಥ ಅಂಗಡಿಗಳಿಗೆ ಮೇ ಕೊನೆಯ ವಾರದಿಂದ ಜೂನ್ ಮುಗಿಯುವವರೆಗೆ ಉಸಿರಾಡೋಕೆ ಪುರುಸೊತ್ತಿರೋದಿಲ್ಲ. ಶಾಲೆ ಶುರುವಾಗುತ್ತದೆ, ನೋಟ್‌ಬುಕ್, ಬೈಂಡು, ಬ್ಯಾಗು. ಒಬ್ಬರು ಪಟ್ಟಿ ಓದಬೇಕು, ಒಬ್ಬರು ತೆಗೆದು ಕೊಡಬೇಕು. ಇದಕ್ಕೆ ಓದುವ ಹುಡುಗರೇ ಸರಿ, ಯಾಕೆಂದರೆ ಎಂಟನೇತ್ತಕ್ಕೆ ಯಾವ ನೋಟ್‌ಬುಕ್ ಬೇಕು ಅಂತ ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದರೆ ಜೂನ್ ಹೊತ್ತಿಗೆ ನಿನ್ನ ಶಾಲೆಯೂ ಶುರುವಾಗಿರುತ್ತದೆ ಅಲ್ವಾ? ಅದಕ್ಕೇ ಏಪ್ರಿಲ್‌ನಲ್ಲೇ ಬಂದು ಮಾತಾಡಿ, ಮೇ ತಿಂಗಳು ಮಾಲು ಇಳಿಸಿ ಜೋಡಿಸುವ ಕೆಲಸಕ್ಕೆ ಸೇರಿಕೊಳ್ಳಬೇಕು. ಸಮವಸ್ತ್ರ ಹೊಲಿಯುವ ಟೇಲರ್‌ಗಳಿಗೂ ಇದೇ ಸೀಸನ್ನು. ಗುಂಡಿ ಹಚ್ಚೋದು, ಕಾಜಾ, ಇಸ್ತ್ರಿ, ಅಳತೆ ಬರೆದುಕೊಳ್ಳೋದು, ಇಷ್ಟಕ್ಕೆ ಕೈ ಬೇಕು. ಹೊಲಿಗೆ ಕಲಿಯುವ ಆಸೆ ಇದ್ದರೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಬಟ್ಟೆ ಅಂಗಡಿ, ಪಾತ್ರೆ ಅಂಗಡಿಗಳಿಗೆ ಮದುವೆ ಸೀಸನ್ನು. ಬಸವ ಜಯಂತಿ ಹಿಂದೆ ಮುಂದೆ ಜನ ಜಾಸ್ತಿ. ಸೀರೆ ಮಡಚಿ ಇಡೋದರಿಂದ ಶುರು ಮಾಡುತ್ತಾರೆ. ಸುಲಭ ಅಂದುಕೊಳ್ಳಬೇಡ, ಒಬ್ಬ ಗಿರಾಕಿಗೆ ಹರಡಿದ ಸೀರೆ ಮಡಚೋದರೊಳಗೆ ಇನ್ನೊಬ್ಬರು ಬಂದು ಕೂತಿರುತ್ತಾರೆ.

ಆನ್‌ಲೈನ್ ಸೆಂಟರ್, ಜೆರಾಕ್ಸ್ ಅಂಗಡಿಗಳು ರಿಸಲ್ಟ್ ಬರುವ ಹೊತ್ತಿಗೆ, ಜಾತಿ ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿಗಳ ಹೊತ್ತಿಗೆ ತುಂಬಿರುತ್ತವೆ. ಕನ್ನಡ ಟೈಪಿಂಗ್ ಬಂದರೆ ನೀನು ಗಟ್ಟಿ. ನುಡಿ ಸಾಫ್ಟ್‌ವೇರ್‌ನಲ್ಲಿ ತಪ್ಪಿಲ್ಲದೆ ಹೆಸರು, ಊರು ಹೊಡೆಯೋಕೆ ಬರುವ ಹುಡುಗರು ಅಪರೂಪ, ನಿಜವಾಗಿ ಅಪರೂಪ. ಮಾರ್ಚ್‌ಗೆ ಮೊದಲೇ ಸ್ವಲ್ಪ ಸ್ವಲ್ಪ ರೂಢಿ ಮಾಡಿಕೋ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಮೊದಲು ಪಗಾರ ಕಡಿಮೆ ಕೊಡುತ್ತಾರೆ, "ಕಲಿಸ್ತೀವಿ" ಅಂತ ಹೇಳುತ್ತಾರೆ. ನಿಜವಾಗಿ ಕಲಿಸುತ್ತಾರಾ, ಚಹಾ ತರೋಕೆ ಮಾತ್ರ ಇಟ್ಟುಕೊಳ್ಳುತ್ತಾರಾ ಅಂತ ಅಲ್ಲಿ ಈಗಾಗಲೇ ಇರುವ ಹುಡುಗನನ್ನು ಕೇಳು.

ಇನ್ನು ನಾನು ಎಲ್ಲರಿಗೂ ಮೊದಲು ಹೇಳೋದು ಟ್ಯೂಷನ್. ನೀನು ಹತ್ತನೇತ್ತ ಪಾಸಾಗಿದ್ದರೆ ನಿನ್ನ ಓಣಿಯಲ್ಲೇ ಎರಡನೇತ್ತ, ಮೂರನೇತ್ತ ಓದುವ ಮಕ್ಕಳಿರುತ್ತಾರೆ. ಅವರ ಅವ್ವಂದಿರಿಗೆ ಮಗ್ಗಿ ಹೇಳಿಸಿ, ಕಾಗುಣಿತ ತಿದ್ದಿ, ಒಂದು ತಾಸು ಕೂರಿಸಿಕೊಂಡರೆ ಸಾಕಾಗಿರುತ್ತದೆ. ಲೆಕ್ಕ ಹಾಕಿ ನೋಡು. ನಾಲ್ಕು ಮಕ್ಕಳು, ತಿಂಗಳಿಗೆ ಒಬ್ಬರಿಗೆ 300 ಅಂದರೆ 1,200. ದಿನಕ್ಕೆ ಒಂದು ತಾಸು, 26 ದಿನ. ತಾಸಿಗೆ 46 ರೂಪಾಯಿ ಬಿತ್ತು. ಅದೇ ಒಬ್ಬ ಅಂಗಡಿಯವರು ತಿಂಗಳಿಗೆ 4,500 ಕೊಡುತ್ತೇವೆ, ದಿನಕ್ಕೆ 10 ತಾಸು ಇರಬೇಕು ಅಂದರೆ ತಾಸಿಗೆ 17 ರೂಪಾಯಿ, ಅದೂ ಕಾಯ್ದೆ ಮೀರಿ. ಇನ್ನೊಬ್ಬರು 4,000ಕ್ಕೆ 5 ತಾಸು ಅಂದರೆ ತಾಸಿಗೆ 30 ರೂಪಾಯಿ ದಾಟುತ್ತದೆ. ಈ ಅಂಕಿಗಳು ಉದಾಹರಣೆಗೆ ಹೇಳಿದ್ದು, ನಿನ್ನ ಓಣಿಯ ರೇಟು ಬೇರೆ ಇರಬಹುದು. ಆದರೆ ತಿಂಗಳ ಪಗಾರ ಕೇಳಿ ಮರುಳಾಗಬೇಡ, ತಾಸಿನ ಲೆಕ್ಕ ಹಾಕು. ಟ್ಯೂಷನ್‌ನಲ್ಲಿ ಇನ್ನೊಂದು ಲಾಭ, ಮನೆ ಬಿಟ್ಟು ಹೋಗಬೇಕಿಲ್ಲ, ಶಾಲೆ ಶುರುವಾದ ಮೇಲೂ ನಡೆಸಬಹುದು.

ಡೆಲಿವರಿ ಕೆಲಸ ಕೇಳುವವರು ಬಹಳ. ಆ್ಯಪ್ ಕಂಪನಿಗಳು 18 ಆಗದವರನ್ನು ತೆಗೆದುಕೊಳ್ಳೋದಿಲ್ಲ. ಅಣ್ಣನ ಐಡಿಯಲ್ಲಿ, ಮಾಮನ ಗಾಡಿಯಲ್ಲಿ ಓಡಿಸುವ ಹುಡುಗರಿದ್ದಾರೆ, ನನಗೂ ಗೊತ್ತು. ಗೇರ್ ಬೈಕಿಗೆ, ಮಾಮೂಲಿ ಸ್ಕೂಟರಿಗೆ 18 ಆಗಲೇಬೇಕು. 18 ಆಗದವನು ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿ ಪ್ರಕಾರ ಗಾಡಿ ಮಾಲೀಕರಿಗೆ ಅಥವಾ ಪಾಲಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲೂ ಆಗಬಹುದು. ಅಪಘಾತ ಆದರಂತೂ ಮನೆಯೇ ಮುಳುಗುತ್ತದೆ. ಮನೆ ಹತ್ತಿರದ ಕಿರಾಣಿ ಅಂಗಡಿಯಿಂದ ಸೈಕಲ್ ಮೇಲೆ ಸಾಮಾನು ಮುಟ್ಟಿಸೋದು ಬೇರೆ ಮಾತು, ಅದನ್ನು ಮಾಡಬಹುದು.

ಫೋನಿನಲ್ಲಿ ಬರುವ ಕೆಲಸಗಳ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. "ಮನೆಯಲ್ಲೇ ಕೂತು ಟೈಪಿಂಗ್, ದಿನಕ್ಕೆ ಸಾವಿರ, ಮೊದಲು ರಿಜಿಸ್ಟ್ರೇಷನ್ ಫೀಸು ಕಟ್ಟಿ" ಅಂದರೆ ಮೋಸ. ಕೆಲಸ ಕೊಡುವವರು ನಿನಗೆ ರೊಕ್ಕ ಕೊಡಬೇಕು, ನಿನ್ನಿಂದ ತೆಗೆದುಕೊಳ್ಳಬಾರದು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. "ನಿನ್ನ ಬ್ಯಾಂಕ್ ಖಾತೆ, ಸಿಮ್ಮು ಸ್ವಲ್ಪ ದಿನ ನಮಗೆ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ" ಅಂತಾರೆ. ಆ ಖಾತೆಗೆ ಯಾರದೋ ಕದ್ದ ರೊಕ್ಕ ಬರುತ್ತದೆ, ಪೊಲೀಸರು ಹುಡುಕಿಕೊಂಡು ಬರೋದು ನಿನ್ನ ಮನೆಗೆ. ಪರಿಚಯದವರು ಕೇಳಿದರೂ ಕೊಡಬೇಡ. ರೊಕ್ಕ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು.

ಈಗ ಕೇಳುವ ರೀತಿ.

ಹೊತ್ತು ನೋಡಿ ಹೋಗು. ಸಂಜೆ 6ಕ್ಕೆ ಗಲ್ಲಾ ಮುಂದೆ ಗಿರಾಕಿ ತುಂಬಿರುವಾಗ ಬಂದು "ಕೆಲಸ ಅದ ಏನ್ರಿ" ಅಂದರೆ ಯಾರೂ ತಲೆ ಎತ್ತಿ ನೋಡೋದಿಲ್ಲ. ಬೆಳಿಗ್ಗೆ ಅಂಗಡಿ ತೆಗೆದು, ಕಸ ಹೊಡೆದು, ದೇವರ ಪೂಜೆ ಆದ ಮೇಲೆ 11ರ ಆಸುಪಾಸು ಒಳ್ಳೆಯದು. ಇಲ್ಲವೇ ಮಧ್ಯಾಹ್ನ 3ಕ್ಕೆ, ಬಿಸಿಲಿಗೆ ಬಜಾರು ಖಾಲಿ ಇರುವಾಗ. ಐದು ಜನ ಗೆಳೆಯರು ಗುಂಪು ಕಟ್ಟಿಕೊಂಡು ಬರಬೇಡಿ. ಒಬ್ಬನೇ ಬಾ, ಅಥವಾ ಅಪ್ಪ, ಅವ್ವ, ಕಾಕಾ ಯಾರಾದರೂ ದೊಡ್ಡವರ ಜೊತೆ ಬಾ. ದೊಡ್ಡವರು ಬಂದರೆ ಅವರು ಪಕ್ಕಕ್ಕಿರಲಿ, ಮಾತು ನೀನು ಆಡು.

ಕಳೆದ ಬೇಸಿಗೆಯಲ್ಲಿ ಒಬ್ಬ ಹುಡುಗ ಬಂದಿದ್ದ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ನಾನು ಒಬ್ಬರಿಗೆ ಜೆರಾಕ್ಸ್ ತೆಗೆದು ಕೊಡುವವರೆಗೆ ಪಕ್ಕದಲ್ಲಿ ಸುಮ್ನೆ ನಿಂತಿದ್ದ. ಆಮೇಲೆ ಹೇಳಿದ: "ಕಾಕಾ, ನಾ ಹತ್ತನೇತ್ತ ಪರೀಕ್ಷಾ ಬರ್ದೀನ್ರಿ. ಕಾಲೇಜ್ ಚಾಲೂ ಆಗೋತನ ಖಾಲಿ ಇದ್ದೀನಿ. ಮುಂಜಾನಿ ಹತ್ತಕ್ಕ ಬಂದು ನಾಲ್ಕಕ್ಕ ಹೋಗ್ತೀನ್ರಿ. ಮಾಲ್ ಜೋಡ್ಸೋದು, ಲೆಕ್ಕ ಬರಿಯೋದು ಬರ್ತದ್ರಿ. ನಿಮಗ ಯಾರರ ಬೇಕಾಗ್ಯಾರೇನ್ರಿ?" ಇಷ್ಟೇ. ಏನು ಓದುತ್ತಾನೆ, ಎಷ್ಟು ದಿನ ಇರುತ್ತಾನೆ, ಯಾವ ಹೊತ್ತಿಗೆ ಬರುತ್ತಾನೆ, ಏನು ಬರುತ್ತದೆ, ಎಲ್ಲ ಅದರೊಳಗೆ ಬಂತು. ಆ ದಿನ ನನಗೆ ಆಳು ಬೇಕಿರಲಿಲ್ಲ, ಆದರೂ ಹೆಸರು, ಅವರ ಅಪ್ಪನ ನಂಬರ್ ಬರೆದಿಟ್ಟುಕೊಂಡೆ. ಮೇ ತಿಂಗಳು ಮಾಲು ಬಂದಾಗ ಮೊದಲು ಫೋನ್ ಮಾಡಿದ್ದು ಅವನಿಗೇ.

ಹಾಗಾಗಿ "ಇಲ್ಲಪ್ಪ, ಈಗ ಬೇಡ" ಅಂದರೆ ಮುಖ ಸಣ್ಣ ಮಾಡಿಕೊಂಡು ಹೊರಡಬೇಡ. "ಬೇಕಾದಾಗ ಹೇಳ್ರಿ ಕಾಕಾ" ಅಂತ ಒಂದು ಚೀಟಿಯಲ್ಲಿ ಹೆಸರು, ತರಗತಿ, ಮನೆಯವರ ನಂಬರ್ ಬರೆದು ಕೊಟ್ಟು ಬಾ. ನಿನ್ನ ಹತ್ತಿರ ಸ್ವಂತ ಫೋನ್ ಇದ್ದರೂ ದೊಡ್ಡವರ ನಂಬರ್ ಕೊಡು. ಮತ್ತೆ "ನಿಮಗ ಗೊತ್ತಿದ್ದೋರ ಅಂಗಡ್ಯಾಗ ಯಾರಿಗರ ಬೇಕಾಗ್ಯಾರೇನ್ರಿ" ಅಂತಲೂ ಕೇಳು. ಬಜಾರಿನಲ್ಲಿ ಒಬ್ಬರಿಗೊಬ್ಬರಿಗೆ ಗೊತ್ತಿರುತ್ತದೆ, ಒಂದು ಮಾತಿಗೆ ಕೆಲಸ ಸಿಗುತ್ತದೆ.

ಬಾ ಅಂದರು. ಈಗ ಆ ನಾಲ್ಕು ಮಾತು.

ಒಂದು, ಹೊತ್ತು. ಎಷ್ಟಕ್ಕೆ ಬರೋದು, ಎಷ್ಟಕ್ಕೆ ಹೋಗೋದು, ಊಟಕ್ಕೆ ಎಷ್ಟು ಬಿಡುವು, ರಜೆ ಯಾವ ದಿನ. ಎರಡು, ಪಗಾರ. ದಿನದ್ದಾ, ವಾರದ್ದಾ, ತಿಂಗಳದ್ದಾ, ಮತ್ತೆ ಯಾವ ತಾರೀಖಿಗೆ. "ನೋಡಿ ಕೊಡ್ತೀವಿ" ಅನ್ನೋದು ಉತ್ತರ ಅಲ್ಲ. ಮೊದಲ ಸಲ ಆದರೆ ವಾರದ ಪಗಾರ ಕೇಳು, ತಿಂಗಳು ಪೂರ್ತಿ ದುಡಿದು ಕೈ ಖಾಲಿ ಆಗುವ ಭಯ ಇರೋದಿಲ್ಲ. ಎರಡು ದಿನ ಕೆಲಸ ನೋಡಿ ಆಮೇಲೆ ಪಗಾರ ಹೇಳುತ್ತೇವೆ ಅಂದರೆ ಒಪ್ಪಬಹುದು, ಆದರೆ ಆ ಎರಡು ದಿನದ ರೊಕ್ಕವೂ ಬೇಕು ಅಂತ ಹೇಳು. ಮೂರು, ಕೆಲಸ ಏನು. ಅಂಗಡಿ ಕೆಲಸ ಅಂತ ಕರೆದು ಮಾಲೀಕರ ಮನೆಗೆ ನೀರು ಹೊರಿಸುವವರಿದ್ದಾರೆ. ನಾಲ್ಕು, ಏನಾದರೂ ಒಡೆದರೆ, ಗಲ್ಲಾದಲ್ಲಿ ರೊಕ್ಕ ಕಡಿಮೆ ಬಿದ್ದರೆ ಯಾರ ಮೇಲೆ? ಇದನ್ನು ಕೇಳೋಕೆ ಮುಜುಗರ ಆಗುತ್ತದೆ, ಆದರೂ ಕೇಳಲೇಬೇಕು. ನಾನಂತೂ ನಮ್ಮ ಹುಡುಗರಿಗೆ ಮೊದಲ ವಾರ ಗಲ್ಲಾ ಮುಟ್ಟೋಕೆ ಬಿಡೋದಿಲ್ಲ, ಅವರ ಒಳ್ಳೆಯದಕ್ಕೇ.

ಇದನ್ನೆಲ್ಲ ಜಗಳದ ಧಾಟಿಯಲ್ಲಿ ಕೇಳಬೇಕಿಲ್ಲ. "ಕಾಕಾ, ಮನ್ಯಾಗ ಅವ್ವ ಕೇಳ್ತಾಳ್ರಿ, ಅದ್ಕ ಒಮ್ಮೆ ಹೇಳ್ಬಿಡ್ರಿ" ಅಂದರೆ ಯಾರಿಗೂ ಸಿಟ್ಟು ಬರೋದಿಲ್ಲ. ಮನೆಗೆ ಬಂದು ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದುಕೋ. ದಿನಾ ಎಷ್ಟಕ್ಕೆ ಹೋದೆ, ಎಷ್ಟಕ್ಕೆ ಬಂದೆ, ಎಷ್ಟು ರೊಕ್ಕ ಕೊಟ್ಟರು, ಒಂದು ಸಾಲು ಸಾಕು. ಮುಂದೆ ಮಾತು ಬಂದರೆ ಆ ಪುಸ್ತಕವೇ ಸಾಕ್ಷಿ.

ಕಾಗದದ ವಿಷಯ. ವಯಸ್ಸಿಗೆ ದಾಖಲೆ ಕೇಳಿದರೆ ಮಾರ್ಕ್ಸ್ ಕಾರ್ಡು ಅಥವಾ ಆಧಾರ್‌ನ ಜೆರಾಕ್ಸ್ ಕೊಡು. ಒರಿಜಿನಲ್ ಮಾರ್ಕ್ಸ್ ಕಾರ್ಡು, ಟಿಸಿ ಯಾರ ಕೈಗೂ ಕೊಡಬೇಡ, "ಇಲ್ಲೇ ಭದ್ರ ಇರ್ತದ" ಅಂದರೂ ಬೇಡ. ಅದನ್ನು ಇಟ್ಟುಕೊಂಡವರು ನಿನ್ನನ್ನೇ ಇಟ್ಟುಕೊಂಡ ಹಾಗೆ.

ಈ ಮಾತು ಮನೆಯ ದೊಡ್ಡವರಿಗೆ. ಮಗನ ಹೆಸರಲ್ಲಿ ಮುಂಗಡ ತೆಗೆದುಕೊಳ್ಳಬೇಡಿ. ಮದುವೆ ಇದೆ, ಆಸ್ಪತ್ರೆ ಇದೆ, ಒಮ್ಮೆಗೆ ರೊಕ್ಕ ಸಿಗುತ್ತದೆ ಅನ್ನಿಸುತ್ತದೆ. ಆದರೆ ಆ ಸಾಲ ತೀರುವವರೆಗೆ ಹುಡುಗ ಕೆಲಸ ಬಿಡುವ ಹಾಗಿಲ್ಲ, ಶಾಲೆ ಶುರುವಾದರೂ ಹೋಗುವ ಹಾಗಿಲ್ಲ. ಸಾಲಕ್ಕೆ ದುಡಿಸಿಕೊಳ್ಳೋದು ಜೀತ. ಜೀತ ಪದ್ಧತಿಯನ್ನು 1976ರ ಕಾಯ್ದೆಯೇ ರದ್ದು ಮಾಡಿದೆ. ನಮ್ಮ ಭಾಗದಿಂದ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯೋಕೆ ಹೋಗುವ ಕುಟುಂಬಗಳಲ್ಲಿ ಹತ್ತನೇತ್ತಕ್ಕೆ ನಿಂತು ಹೋದ ಮಕ್ಕಳನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತದೆ. ಸೂಟಿಯ ಕೆಲಸ ಸೂಟಿಗೇ ಮುಗಿಯಬೇಕು.

ಹುಡುಗಿಯರಿಗೆ ಮನೆಯಲ್ಲಿ ಒಪ್ಪಿಸೋದೇ ಮೊದಲ ಕೆಲಸ ಅಂತ ನನಗೆ ಗೊತ್ತು. ಮೊದಲೇ ಹೆಣ್ಣುಮಕ್ಕಳು ಕೆಲಸ ಮಾಡುತ್ತಿರುವ ಜಾಗ ಹುಡುಕು: ಬಟ್ಟೆ ಅಂಗಡಿಯ ಲೇಡೀಸ್ ಸೆಕ್ಷನ್, ಟೇಲರಿಂಗ್, ಬ್ಯೂಟಿ ಪಾರ್ಲರ್, ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಅಕ್ಕಂದಿರ ಹತ್ತಿರ ಪ್ಯಾಕಿಂಗು. ಅವ್ವನನ್ನು ಒಮ್ಮೆ ಕರೆದುಕೊಂಡು ಹೋಗಿ ಜಾಗ ತೋರಿಸು, ಅಲ್ಲಿನ ಅಕ್ಕನ ಜೊತೆ ಮಾತಾಡಿಸು. ಶೌಚಾಲಯ ಇದೆಯಾ ಕೇಳು, ಇದನ್ನು ಹೇಳೋಕೆ ನಾಚಬೇಡ. ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ಸರ್ಕಾರಿ ಸಾದಾ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ, ಹಾಗಾಗಿ ಆಳಂದ, ಅಫಜಲಪುರ ರಸ್ತೆಯ ಹಳ್ಳಿಗಳಿಂದ ಬಂದು ಹೋಗೋದಕ್ಕೂ ಬಸ್ ಖರ್ಚಿಲ್ಲ. ಯಾರಾದರೂ ಮೈ ಮುಟ್ಟಿ ಮಾತಾಡಿದರೆ, ಕೆಟ್ಟದಾಗಿ ಮಾತಾಡಿದರೆ ಆ ದಿನವೇ ಬಿಟ್ಟು ಬಾ, ಆ ದಿನವೇ ಮನೆಯಲ್ಲಿ ಹೇಳು. ಹುಡುಗರಿಗೂ ಇದೇ ಮಾತು.

ಕೆಲಸಕ್ಕೆ ಹೋದ ಮೇಲೆ ಕೈಗೆ ಬರಬೇಕಾದ ಒಂದು ಅಭ್ಯಾಸ ಹೇಳುತ್ತೇನೆ, ಇದನ್ನು ಯಾರೂ ಹೇಳಿಕೊಡೋದಿಲ್ಲ. ಗಿರಾಕಿ 500ರ ನೋಟು ಕೊಟ್ಟರೆ ಕೂಡಲೇ ಗಲ್ಲಾದೊಳಗೆ ಹಾಕಬೇಡ. "ಐದುನೂರು ಕೊಟ್ರಿ" ಅಂತ ಬಾಯಿಬಿಟ್ಟು ಹೇಳಿ, ನೋಟನ್ನು ಗಲ್ಲಾ ಮೇಲೆ ಕಾಣುವ ಹಾಗೆ ಇಡು. ಚಿಲ್ಲರೆ ತೆಗೆದು, ಅವರ ಕೈಯಲ್ಲಿ ಎಣಿಸಿ ಕೊಟ್ಟು, ಅವರು ಹೌದು ಅಂದ ಮೇಲೆ ನೋಟು ಒಳಗೆ ಹಾಕು. "ನಾ ಐದುನೂರು ಕೊಟ್ಟಿದ್ನಲ್ಲ, ನೀ ನೂರರ ಲೆಕ್ಕಕ್ಕ ಕೊಟ್ಟಿ" ಅನ್ನುವ ಜಗಳ ಹುಟ್ಟೋದೇ ಇಲ್ಲ. ಫೋನ್ ಪೇ ಮಾಡಿದರೆ ಅವರ ಮೊಬೈಲ್ ಸ್ಕ್ರೀನ್ ನೋಡಿ ಮಾಲು ಕೊಡಬೇಡ, ನಮ್ಮ ಸ್ಪೀಕರ್ ಕೂಗಬೇಕು. ಅದು ಕೂಗದಿದ್ದರೆ ಮಾಲೀಕರನ್ನು ಕರೆ. ಉದ್ರಿ ಕೊಡುವ ಅಧಿಕಾರ ನಿನ್ನದಲ್ಲ, ಎಷ್ಟೇ ಪರಿಚಯದವರು ಬಂದರೂ ಮಾಲೀಕರನ್ನು ಕೇಳಿಯೇ ಕೊಡು.

ಮಾತಿನ ವಿಷಯದಲ್ಲಿ ನಮ್ಮ ಊರಿನ ಹುಡುಗರು ಅದೃಷ್ಟವಂತರು. ಒಂದೇ ಗಲ್ಲಾ ಮುಂದೆ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಎಲ್ಲ ಬರುತ್ತದೆ. ಬಂದವರ ಮಾತಿನಲ್ಲೇ ಎರಡು ಮಾತು ಆಡಿದರೆ ಅವರು ಇನ್ನೊಂದು ಸಲ ನಿನ್ನನ್ನೇ ಹುಡುಕಿಕೊಂಡು ಬರುತ್ತಾರೆ.

ಬಿಸಿಲು ಮರೆಯಬೇಡ. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಮಾಮೂಲಿ, ಸರ್ಕಾರಿ ಕಚೇರಿಗಳೇ ಬೆಳಗಿನ ಹೊತ್ತಿಗೆ ಬದಲಾಗುತ್ತವೆ. ತಲೆಗೆ ಟವೆಲ್ಲು, ಕೈಯಲ್ಲಿ ನೀರಿನ ಬಾಟಲಿ, ಊಟದ ಡಬ್ಬಿ ಜೊತೆ ಮಜ್ಜಿಗೆ. ಮಧ್ಯಾಹ್ನ 12ರಿಂದ 4ರವರೆಗೆ ಹೊರಗೆ ಓಡಾಡಿಸುವ ಕೆಲಸ ಇದ್ದರೆ ಬೇಡ ಅನ್ನು. ತಲೆ ಸುತ್ತಿದರೆ ತಡೆದುಕೊಂಡು ನಿಲ್ಲಬೇಡ, ನೆರಳಿಗೆ ಕೂತು ಹೇಳು.

ರೊಕ್ಕ ಬಂತು. 10 ವರ್ಷ ತುಂಬಿದವರು ತಮ್ಮ ಹೆಸರಲ್ಲೇ ಉಳಿತಾಯ ಖಾತೆ ತೆಗೆದು ತಾವೇ ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಎಷ್ಟರವರೆಗೆ ತೆಗೆಯಬಹುದು ಅನ್ನೋದನ್ನು ಆಯಾ ಬ್ಯಾಂಕೇ ಹೇಳುತ್ತದೆ. ಸ್ಕಾಲರ್‌ಶಿಪ್‌ಗೆ ಅಂತ ತೆಗೆದ ಖಾತೆ ಈಗಾಗಲೇ ಇರಬಹುದು, ಪಾಸ್‌ಬುಕ್ ಹುಡುಕಿ ನೋಡು. ಮನೆಗೆ ಕೊಡೋದು ಕೊಡು, ಅದು ನಿನ್ನ ಮನಸ್ಸು. ಆದರೆ ಕಾಲೇಜಿನ ಅಡ್ಮಿಷನ್ ರೊಕ್ಕ ಮೊದಲು ತೆಗೆದಿಡು.

ಕೈಕೆಲಸದಲ್ಲಿ ಮನಸ್ಸಿದ್ದವರಿಗೆ ಇನ್ನೊಂದು ದಾರಿ. ಬಹಳ ಹುಡುಗರು ಗ್ಯಾರೇಜಿಗೆ ಸೇರಿಕೊಂಡು ವರ್ಷಗಟ್ಟಲೆ ಸ್ಪಾನರ್ ಎತ್ತಿ ಕೊಡುತ್ತಾ ಉಳಿದುಬಿಡುತ್ತಾರೆ. ಕಲಬುರಗಿಯಲ್ಲೇ ಸರ್ಕಾರಿ ಐಟಿಐ ಇದೆ, ಯಂತ್ರ, ಉಪಕರಣದ ಕೆಲಸ ಕಲಿಸುವ ಸರ್ಕಾರದ ಜಿಟಿಟಿಸಿ ಕೇಂದ್ರ ಇದೆ, ಎಸ್ಸೆಸ್ಸೆಲ್ಸಿ ಆದ ಮೇಲೆ ಸೇರಬಹುದು. ಅಪ್ರೆಂಟಿಸ್ ಕಾಯ್ದೆ ಪ್ರಕಾರ 14 ತುಂಬಿದವರು ಅಪಾಯವಲ್ಲದ ಟ್ರೇಡ್‌ಗಳಲ್ಲಿ ಅಪ್ರೆಂಟಿಸ್ ಆಗಬಹುದು, ಸ್ಟೈಪೆಂಡ್ ಸಿಗುತ್ತದೆ, ಕೊನೆಗೆ ಸರ್ಟಿಫಿಕೇಟೂ ಸಿಗುತ್ತದೆ. ಅದೇ ಮೋಟರ್ ಕೆಲಸ, ಆದರೆ ಕೈಯಲ್ಲೊಂದು ಕಾಗದ ಇರುತ್ತದೆ.

ಪಗಾರ ಕೊಡಲಿಲ್ಲ ಅಂದರೆ ಮೊದಲು ಮನೆಯವರನ್ನು ಕರೆದುಕೊಂಡು ಹೋಗಿ ಶಾಂತವಾಗಿ ಕೇಳು, ಬರೆದಿಟ್ಟ ಪುಸ್ತಕ ತೋರಿಸು. ಬಹಳ ಸಲ ಅಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ಬರೆದು ಕೊಡಬೇಕು. ಹೊಡೆದರೆ, ಕೂಡಿಹಾಕಿದರೆ, ಬಿಡೋದಿಲ್ಲ ಅಂದರೆ 1098ಕ್ಕೆ ಫೋನ್ ಮಾಡು. ಅದು ಮಕ್ಕಳ ಸಹಾಯವಾಣಿ, ಉಚಿತ, ರಾತ್ರಿಯೂ ಎತ್ತುತ್ತಾರೆ. ನಿನ್ನ ಗೆಳೆಯನಿಗೆ ಹಾಗಾಗಿದ್ದರೂ ನೀನು ಮಾಡಬಹುದು.

ಬಿಡುವಾಗ ಹೇಳಿ ಬಿಡು. ಕಾಲೇಜು ಶುರುವಾಗುವ ಒಂದು ವಾರ ಮೊದಲೇ "ಇಂಥ ದಿನದಿಂದ ಬರೋದಿಲ್ರಿ" ಅಂತ ಹೇಳಿದರೆ ಅವರೂ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಬಾಕಿ ಲೆಕ್ಕ ಅದೇ ದಿನ ಚುಕ್ತಾ ಮಾಡಿಕೋ. ನನ್ನ ಕೆಲಸ ಚೆನ್ನಾಗಿತ್ತಾ, ಬೇರೆ ಕಡೆ ಕೇಳಿದರೆ ನಿಮ್ಮ ಹೆಸರು ಹೇಳಬಹುದಾ ಅಂತ ಕೇಳಿ ನಂಬರ್ ತೆಗೆದುಕೋ. ಅಕ್ಟೋಬರ್‌ನಲ್ಲಿ ದಸರಾ ಸೂಟಿ ಬರುತ್ತದೆ, ಆಗ ಹತ್ತು ಹದಿನೈದು ದಿನಕ್ಕೆ ಬೇಕಾಗುತ್ತೀನಾ ಅಂತಲೂ ಈಗಲೇ ಕೇಳಿಟ್ಟುಕೋ.